11 ವರ್ಷದ ಹೆಣ್ಣು ನಾಯಿ ವಿಪರೀತ ನೀರು ಕುಡೀತಿದೆ, ಊಟ ಬಿಟ್ಟಿದೆ. ವಯಸ್ಸಿಗೆ ಹೀಗಾಗುತ್ತಾ?

ಕಣದಮನೆ, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಚಿನ್ನಿಗೆ 11 ವರ್ಷ. ತಾಯಿ ಲ್ಯಾಬ್ರಡಾರ್, ತಂದೆ ಊರ ನಾಯಿ. ತೂಕ 28 ಕೆಜಿ.

ಈಚೆಗೆ ಅವಳು ನೀರು ಕುಡಿಯೋದು ಬಹಳ ಜಾಸ್ತಿ ಆಗಿದೆ. ಬೋಗುಣಿ ಖಾಲಿ ಮಾಡಿ ಬಚ್ಚಲಲ್ಲಿ ನಿಂತ ನೀರನ್ನೂ ನೆಕ್ತಾಳೆ. ರಾತ್ರಿ ಮನೆ ಒಳಗೇ ಉಚ್ಚೆ ಹೊಯ್ದುಬಿಡ್ತಾಳೆ, ಮರಿ ಆಗಿದ್ದಾಗ ಬಿಟ್ರೆ ಯಾವತ್ತೂ ಹಾಗೆ ಮಾಡಿದೋಳಲ್ಲ. ಅನ್ನ ಸಾರು ಮೂಸಿ ಬಿಟ್ಟು ಹೋಗ್ತಾಳೆ. ಮೊಟ್ಟೆ ಒಡೆದು ಹಾಕಿದ್ರೆ ಸ್ವಲ್ಪ ತಿಂತಾಳೆ. ಕಾಫಿ ಕೊಯ್ಲಿನವರ ಜೀಪು ಬಂದ್ರೆ ಗೇಟಿನ ತನಕ ಓಡ್ತಿದ್ದೋಳು ಈಗ ಹಂಡೆ ಒಲೆ ಪಕ್ಕದಿಂದ ಏಳೋದೇ ಇಲ್ಲ. ನಿನ್ನೆಯಿಂದ ವಾಂತಿ ಬೇರೆ ಶುರುವಾಗಿದೆ.

ಅತ್ತೆ "ವಯಸ್ಸಾಯ್ತಲ್ಲ, ಚಳಿ ಬೇರೆ" ಅಂತಾರೆ. ಮನೆಯವರು ಕೊಯ್ಲು ಒಂದು ಹಂತಕ್ಕೆ ಬರಲಿ, ಆಮೇಲೆ ಕರ್ಕೊಂಡು ಹೋಗೋಣ ಅಂತಾರೆ. ಅವರದ್ದೂ ತಪ್ಪಲ್ಲ, ಹಣ್ಣು ಉದುರ್ತಾ ಇದೆ, ಆಳು ಸಿಗೋದೇ ಕಷ್ಟ. ಆದ್ರೆ ನನಗೆ ಮನಸ್ಸು ಒಪ್ತಿಲ್ಲ. ವಯಸ್ಸಾದ ನಾಯಿಗೆ ಯಾವ ಲಕ್ಷಣ ಕಂಡ್ರೆ ಕಾಯಬಾರದು? ತಿಳಿದವರು ಹೇಳಿ.

ಆಲ್ದೂರಿನವ

ಅಕ್ಕ, ಮೊದಲು ಉಣ್ಣೆ ಜ್ವರ (ರಕ್ತ ಹೀರೋ ಉಣ್ಣೆ ಹುಳ ಕಚ್ಚಿ ಬರೋದು) ಇದೆಯಾ ಅಂತ ರಕ್ತ ಪರೀಕ್ಷೆ ಮಾಡ್ಸಿ. ನಮ್ಮ ಕಡೆ ಊಟ ಬಿಟ್ಟ ನಾಯಿಗಳಲ್ಲಿ ತುಂಬಾ ನಾಯಿಗೆ ಅದೇ ಇರುತ್ತೆ. ಕಿವಿ ಒಳಗೆ, ಬೆರಳ ಸಂದಿನಲ್ಲಿ, ಬಾಲದ ಬುಡದಲ್ಲಿ ಉಣ್ಣೆ ಇದ್ಯಾ ನೋಡಿ. ನಮ್ಮ ರಾಜನಿಗೆ ಪ್ಲೇಟ್‌ಲೆಟ್ ಪೂರ್ತಿ ಇಳಿದುಹೋಗಿತ್ತು, ಹೊಟ್ಟೆ ಚರ್ಮದ ಮೇಲೆ ಕೆಂಪು ಚುಕ್ಕೆ ಎದ್ದಿತ್ತು. ಡಾಕ್ಸಿಸೈಕ್ಲಿನ್ 28 ದಿನ ಕೊಟ್ಟ ಮೇಲೆ ಸರಿಯಾದ.

ಹೇಮಾವತಿ ದಂಡೆ, ಸಕಲೇಶಪುರ

ಚಳಿಗೆ ಮೈಕೈ ನೋವಿರಬಹುದು. ಒಂದು ಡೋಲೋ ಅರ್ಧ ಮಾಡಿ ಬೆಲ್ಲದಲ್ಲಿ ಇಟ್ಟು ಕೊಡಿ, ಬೆಳಿಗ್ಗೆಗೆ ಎದ್ದು ಓಡಾಡ್ತಾಳೆ. ನಮ್ಮಲ್ಲಿ ಹಾಗೇ ಮಾಡೋದು.

ಹಾಸನ ಪಶುವೈದ್ಯೆ

ದಯವಿಟ್ಟು ಯಾವ ಮಾತ್ರೆಯನ್ನೂ ಕೊಡಬೇಡಿ. ವಾಂತಿ ಮಾಡುತ್ತಿರುವ, ಊಟ ಬಿಟ್ಟಿರುವ, ವಯಸ್ಸಾದ ನಾಯಿಗೆ ಮನುಷ್ಯರ ನೋವಿನ ಮಾತ್ರೆ ಬಹಳ ಅಪಾಯ. ಡೋಲೋದಲ್ಲಿರುವ ಪ್ಯಾರಾಸಿಟಮಾಲ್ ಲೆಕ್ಕ ತಪ್ಪಿದರೆ ಪಿತ್ತಜನಕಾಂಗಕ್ಕೂ ರಕ್ತಕಣಕ್ಕೂ ಹೊಡೆತ. ಐಬುಪ್ರೊಫೇನ್, ಡೈಕ್ಲೋಫೆನಾಕ್ ಅದಕ್ಕಿಂತ ಕೆಟ್ಟವು: ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ, ಕಿಡ್ನಿ ಕೈಕೊಡುತ್ತದೆ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೇನ್ ಇದೆ ಎಂಬುದು ಬಹಳ ಮನೆಗಳಲ್ಲಿ ಗೊತ್ತಿರುವುದಿಲ್ಲ.

ಕಣದಮನೆಯವರೇ, ಇವಿಷ್ಟಕ್ಕೆ ಈಗಲೇ ಉತ್ತರ ಕೊಡಿ. ಚಿನ್ನಿಗೆ ಮಕ್ಕಳಾಗದ ಆಪರೇಷನ್ ಆಗಿದೆಯೇ? ಆಗಿಲ್ಲವಾದರೆ ಕಳೆದ ಸಲ ಬೆದೆಗೆ ಬಂದದ್ದು ಯಾವಾಗ? ಬಾಲದ ಕೆಳಗೆ ಕೀವು, ಕೆಂಪು ನೀರು, ವಾಸನೆ ಏನಾದರೂ ಇದೆಯೇ? ಅಲ್ಲಿ ಪದೇ ಪದೇ ನೆಕ್ಕಿಕೊಳ್ಳುತ್ತಿದ್ದಾಳೆಯೇ? ಹೊಟ್ಟೆ ಊದಿದಂತಿದೆಯೇ? ತುಟಿ ಎತ್ತಿ ಒಸಡು ನೋಡಿ, ಯಾವ ಬಣ್ಣ ಇದೆ?

ಕಣದಮನೆ, ಮೂಡಿಗೆರೆ

ಆಪರೇಷನ್ ಮಾಡ್ಸಿಲ್ಲ ಮೇಡಂ. ದೀಪಾವಳಿ ಹೊತ್ತಿಗೆ ಬೆದೆಗೆ ಬಂದಿದ್ಲು, ಊರ ಗಂಡು ನಾಯಿಗಳೆಲ್ಲ ಗೇಟಿನ ಹತ್ರ ಬಂದು ಮಲಗ್ತಿದ್ವು, ಹಾಗಾಗಿ ನೆನಪಿದೆ. ಕೀವು, ವಾಸನೆ ಏನೂ ಕಾಣ್ತಿಲ್ಲ. ಹೊಟ್ಟೆ ಮಾತ್ರ ದಪ್ಪ ಆಗಿದೆ. ಊಟ ಮಾಡದೆ ಹೊಟ್ಟೆ ಹೇಗೆ ದಪ್ಪ ಆಯ್ತು ಅಂತ ನಿನ್ನೆ ಮಗಳೂ ಕೇಳಿದ್ಲು. ಮುಟ್ಟಿದ್ರೆ ಮುಖ ತಿರುಗಿಸ್ತಾಳೆ. ಒಸಡು ಸ್ವಲ್ಪ ಬಿಳಚಿಕೊಂಡಿದೆ.

ಹಾಸನ ಪಶುವೈದ್ಯೆ

ಹಾಗಾದರೆ ಕೊಯ್ಲು ಮುಗಿಯುವ ತನಕ ಕಾಯುವ ಮಾತೇ ಇಲ್ಲ. ನಾಳೆ ಸಂಜೆಗೂ ಕಾಯಬೇಡಿ.

ನೋಡದೆ ಕಾಯಿಲೆ ಇದೇ ಎಂದು ಹೇಳುವುದು ಸರಿಯಲ್ಲ. ಆದರೆ ಆಪರೇಷನ್ ಆಗದ, ವಯಸ್ಸಾದ ಹೆಣ್ಣು ನಾಯಿ, ಬೆದೆ ಮುಗಿದು ಒಂದೆರಡು ತಿಂಗಳ ಒಳಗೆ ನೀರು ಜಾಸ್ತಿ ಕುಡಿದು, ಊಟ ಬಿಟ್ಟು, ವಾಂತಿ ಮಾಡಿದರೆ ಎಲ್ಲಕ್ಕಿಂತ ಮೊದಲು ನಾವು ಹುಡುಕುವುದು ಗರ್ಭಕೋಶದಲ್ಲಿ ಕೀವು ತುಂಬಿದೆಯೇ ಎಂಬುದನ್ನು. ಇದಕ್ಕೆ ಪಯೋಮೆಟ್ರಾ ಅನ್ನುತ್ತೇವೆ. ಬೆದೆ ಆದ ಮೇಲೆ ನಾಯಿಯ ಮೈಯಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಎರಡು ತಿಂಗಳ ತನಕ ಮೇಲಿರುತ್ತದೆ, ಮರಿ ನಿಂತಿರಲಿ ಬಿಡಲಿ. ಪ್ರತಿ ಬೆದೆಯಲ್ಲೂ ಹೀಗೆ ಆಗಿ ಆಗಿ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ. ಬೆದೆಯಲ್ಲಿ ಗರ್ಭಕೋಶದ ಬಾಯಿ ತೆರೆದಿದ್ದಾಗ ಒಳಗೆ ಹೋದ ಬ್ಯಾಕ್ಟೀರಿಯಾಗೆ ಅದು ಒಳ್ಳೆಯ ಜಾಗ. ಅವುಗಳ ವಿಷ ರಕ್ತಕ್ಕೆ ಸೇರಿದಾಗ ಕಿಡ್ನಿ ಉಚ್ಚೆಯಲ್ಲಿ ನೀರು ಹಿಡಿದಿಡುವುದನ್ನು ಕಳೆದುಕೊಳ್ಳುತ್ತದೆ. ಅದಕ್ಕೇ ಉಚ್ಚೆ ಹೆಚ್ಚು, ಬಾಯಾರಿಕೆ ಹೆಚ್ಚು.

ಕೀವು ಹೊರಗೆ ಕಾಣುತ್ತಿಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಗರ್ಭಕೋಶದ ಬಾಯಿ ಮುಚ್ಚಿಕೊಂಡಿದ್ದರೆ ಒಂದು ಹನಿಯೂ ಹೊರಗೆ ಬರುವುದಿಲ್ಲ, ಎಲ್ಲ ಒಳಗೇ ತುಂಬುತ್ತದೆ, ಒಡೆದರೆ ಹೊಟ್ಟೆಗೆಲ್ಲ ಹರಡುತ್ತದೆ. ಸೋರುವ ಪಯೋಮೆಟ್ರಾಗಿಂತ ಇದು ಹೆಚ್ಚು ಅಪಾಯದ್ದು. ಜ್ವರ ಇಲ್ಲದೆಯೂ ಬರುತ್ತದೆ. ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗುತ್ತದೆ. ಆಪರೇಷನ್ ಮಾಡಿ ಗರ್ಭಕೋಶ ತೆಗೆಯುವುದೇ ಮುಖ್ಯ ಚಿಕಿತ್ಸೆ.

ಇವತ್ತು ರಾತ್ರಿ ನೀರು ಕಟ್ಟಬೇಡಿ. ಮನೆಯೊಳಗೆ ಉಚ್ಚೆ ಹೊಯ್ಯುತ್ತಾಳೆಂದು ನೀರು ತೆಗೆದಿಡುವವರಿದ್ದಾರೆ, ಅದು ಅವಳ ಕಿಡ್ನಿಗೆ ಇನ್ನೂ ಕೆಟ್ಟದ್ದು. ಬಲವಂತವಾಗಿ ತಿನ್ನಿಸಬೇಡಿ. ರಾತ್ರಿಯೇ ಕುಸಿದರೆ, ಕರೆದರೆ ಕಣ್ಣು ತೆರೆಯದಿದ್ದರೆ, ಒಸಡು ಪೂರ್ತಿ ಬಿಳಿಯಾದರೆ ಬೆಳಗಾಗುವ ತನಕ ಕಾಯಬೇಡಿ, ಸಿಕ್ಕ ವಾಹನದಲ್ಲಿ ಹೊರಡಿ.

ಆಲ್ದೂರಿನವ

ಮೇಡಂ ಹೇಳಿದ್ದೇ ಸರಿ. ಅಕ್ಕ, ಹೊರಡೋ ಮುಂಚೆ ಫೋನ್ ಮಾಡಿ ಎರಡು ವಿಷಯ ಕೇಳಿ: ಸ್ಕ್ಯಾನಿಂಗ್ ಇದೆಯಾ, ಇವತ್ತೇ ಆಪರೇಷನ್ ಮಾಡೋ ಡಾಕ್ಟ್ರು ಇರ್ತಾರಾ. ತಾಲೂಕು ಆಸ್ಪತ್ರೆಗಳಲ್ಲಿ ಡಾಕ್ಟ್ರು ಒಳ್ಳೆಯವರೇ ಇರ್ತಾರೆ, ಆದ್ರೆ ಹಸು ಕರು ಹಾಕೋಕೆ ಕಷ್ಟ ಪಡ್ತಿದೆ ಅಂತ ಕರೆ ಬಂದ್ರೆ ಹಳ್ಳಿಗೆ ಹೋಗಿಬಿಟ್ಟಿರ್ತಾರೆ. ನೀವು ಹೋದಾಗ ಬಾಗಿಲು ಹಾಕಿದ್ರೆ ಅರ್ಧ ದಿನ ಹೋಯ್ತು.

ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ್ದು. ನೀವು ಬೇಲೂರು ಮೇಲೆ ಹೋಗಬಹುದು. ಕೊಪ್ಪ, ಎನ್.ಆರ್.ಪುರ ಕಡೆಯವರಿಗೆ ಶಿವಮೊಗ್ಗದ ಕಾಲೇಜು ಹತ್ತಿರ. 1962 ಪಶು ಸಂಜೀವಿನಿ ಸಹಾಯವಾಣಿಗೂ ಒಂದು ಫೋನ್ ಹಾಕಿ ಕೇಳಬಹುದು.

ಕಣದಮನೆ, ಮೂಡಿಗೆರೆ

ಮೇಡಂ ಬರೆದಿದ್ದನ್ನ ಮನೆಯವರಿಗೆ ಓದಿ ಹೇಳಿದೆ. ಬೆಳಿಗ್ಗೆ ಕೊಯ್ಲಿನವರನ್ನ ಇಳಿಸಿ ಅದೇ ಪಿಕಪ್‌ನಲ್ಲಿ ಹೊರಡೋದು ಅಂತಾಯ್ತು. ಫೋನ್ ಮಾಡಿ ಕೇಳಿದ್ದೀವಿ, ಬನ್ನಿ ಅಂದಿದ್ದಾರೆ. ದೇವರಿದ್ದಾನೆ.

ಭದ್ರಾತೀರ, ಬಾಳೆಹೊನ್ನೂರು

ತಂಗಿ, ಒಳ್ಳೆ ನಿರ್ಧಾರ. ಚಿನ್ನಿ ಹುಷಾರಾಗಿ ಬರಲಿ.

ಈ ಚರ್ಚೆ ಓದುತ್ತಿರುವ ಬೇರೆಯವರಿಗಾಗಿ ನಾಲ್ಕು ಮಾತು ಬರೆಯುತ್ತೇನೆ. ಮೇಷ್ಟ್ರಾಗಿ ನಿವೃತ್ತಿಯಾದ ಮೇಲೆ ನನ್ನ ಹೊತ್ತೆಲ್ಲ ತೋಟ ಮತ್ತು ನಾಯಿಗಳ ಜೊತೆ. ಮುದಿ ನಾಯಿಗಳನ್ನು ಹತ್ತಿರದಿಂದ ನೋಡಿದ್ದೇನೆ. ನಾಯಿ ನೋವನ್ನು ಬಚ್ಚಿಡುತ್ತದೆ. ಅಳುವುದಿಲ್ಲ, ನರಳುವುದೂ ಅಪರೂಪ. ಹಾಗಾಗಿ ಕಾಯಿಲೆ ಏನು ಎಂದು ಹುಡುಕುವುದಕ್ಕಿಂತ "ನಮ್ಮ ನಾಯಿ ಮೊದಲು ಹೇಗಿತ್ತು, ಈಗ ಏನು ಬದಲಾಗಿದೆ" ಎಂದು ನೋಡಬೇಕು. ಅದು ಡಾಕ್ಟರಿಗಿಂತ ಮನೆಯವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಆದರೆ ದಿನಾ ನೋಡುವ ಕಣ್ಣಿಗೆ ನಿಧಾನವಾಗಿ ಆಗುವ ಬದಲಾವಣೆ ಕಾಣುವುದಿಲ್ಲ, ಆದ್ದರಿಂದ ಅಳೆದು ಬರೆದಿಡಬೇಕು.

ನೀರಿನ ಲೆಕ್ಕ ಸುಲಭ. ಬೆಳಿಗ್ಗೆ ಅಳೆದು ಹಾಕಿ, ಮರುದಿನ ಬೆಳಿಗ್ಗೆ ಉಳಿದದ್ದನ್ನು ಕಳೆಯಿರಿ. ಒಂದು ಕೆಜಿ ತೂಕಕ್ಕೆ ದಿನಕ್ಕೆ 50-60 ಮಿ.ಲೀ. ಸಾಮಾನ್ಯ, 100 ಮಿ.ಲೀ. ದಾಟಿದರೆ ಖಂಡಿತ ಹೆಚ್ಚು ಎಂದು ನಮ್ಮ ಡಾಕ್ಟರು ಹೇಳಿಕೊಟ್ಟದ್ದು. 28 ಕೆಜಿ ನಾಯಿಗೆ ಒಂದೂವರೆ ಲೀಟರ್ ಸರಿ, ಮೂರು ಲೀಟರ್ ಹತ್ತಿರ ಹೋದರೆ ಸರಿಯಲ್ಲ.

ತೂಕ ನೋಡಲು ನಮ್ಮ ಕಡೆ ಯಾರಿಗೂ ಕಷ್ಟವಿಲ್ಲ, ಹಣ್ಣು ತೂಗುವ ಮಿಷನ್ ಎಲ್ಲರ ಕಣದಲ್ಲೂ ಇರುತ್ತದೆ. ತಿಂಗಳಿಗೊಮ್ಮೆ ನಿಲ್ಲಿಸಿ ಕ್ಯಾಲೆಂಡರ್ ಮೇಲೆ ಬರೆಯಿರಿ. ದಟ್ಟ ಕೂದಲಿನ ನಾಯಿ ಸೊರಗಿದ್ದು ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಬೆನ್ನ ಮೂಳೆ ಕೈಗೆ ಸಿಗುವಾಗ ತುಂಬ ತಡವಾಗಿರುತ್ತದೆ.

ಉಸಿರು ಎಣಿಸುವುದು ನನಗೆ ಅತ್ಯಂತ ಉಪಯೋಗಕ್ಕೆ ಬಂದ ವಿದ್ಯೆ. ನಾಯಿ ಗಾಢವಾಗಿ ನಿದ್ದೆ ಮಾಡುವಾಗ ಎದೆ ಮೇಲೆ ಹೋಗಿ ಕೆಳಗೆ ಬಂದರೆ ಒಂದು. ನಿಮಿಷಕ್ಕೆ 30ರ ಒಳಗಿರಬೇಕು. ಬಿಸಿಲಿನಿಂದ ಬಂದು ಏದುಸಿರು ಬಿಡುವಾಗ ಎಣಿಸಿ ಪ್ರಯೋಜನವಿಲ್ಲ.

ಒಸಡಿನ ಬಣ್ಣವನ್ನು ನಾಯಿ ಆರೋಗ್ಯವಾಗಿರುವಾಗಲೇ ನೋಡಿ ತಿಳಿದಿರಬೇಕು. ಗುಲಾಬಿ ಬಣ್ಣದ ಒಸಡು ಬೆರಳಲ್ಲಿ ಒತ್ತಿದರೆ ಬಿಳಿಯಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ನಮ್ಮ ಊರ ನಾಯಿಗಳಲ್ಲಿ ಒಸಡೇ ಕಪ್ಪಗಿರುವುದುಂಟು, ಅಂಥವಕ್ಕೆ ಕಣ್ಣಿನ ಕೆಳರೆಪ್ಪೆ ಎಳೆದು ಒಳಭಾಗ ನೋಡಿ. ಬಿಳಿ, ಹಳದಿ, ನೀಲಿ ಈ ಮೂರರಲ್ಲಿ ಯಾವುದು ಕಂಡರೂ ಅದೇ ದಿನ ಡಾಕ್ಟರ ಹತ್ತಿರ. ಮೂಗು ತಣ್ಣಗಿದೆ, ಹಾಗಾಗಿ ಜ್ವರ ಇಲ್ಲ ಎನ್ನುವ ನಂಬಿಕೆಯನ್ನು ಬಿಡಿ, ಅದರಿಂದ ಏನೂ ಗೊತ್ತಾಗುವುದಿಲ್ಲ.

ಇನ್ನೊಂದು, ಮೆಟ್ಟಿಲು ಹತ್ತಲು ಹಿಂಜರಿಯುವುದು, ಏಳುವಾಗ ಹಿಂಗಾಲು ಎಳೆಯುವುದು ಬಹಳ ಸಲ ಸಂಧಿ ನೋವು. ಅದು ತುರ್ತಲ್ಲ, ಆದರೆ ಅದಕ್ಕೂ ಔಷಧಿ ಇದೆ, ಸುಮ್ಮನೆ ನೋಡುತ್ತ ಕೂರಬೇಕಾಗಿಲ್ಲ.

ಹಾಸನ ಪಶುವೈದ್ಯೆ

ಮೇಷ್ಟ್ರೇ, ನಿಮ್ಮಂತೆ ಬರೆದಿಟ್ಟುಕೊಂಡು ಬರುವವರಿದ್ದರೆ ನಮ್ಮ ಅರ್ಧ ಕೆಲಸ ಆದಂತೆ. ಒಂದು ಮಾತು ಸೇರಿಸುತ್ತೇನೆ. ಕಿಡ್ನಿ ಕಾಯಿಲೆಯಲ್ಲಿ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಶ್ಮಲ) ಏರುವ ಹೊತ್ತಿಗೆ ಕಿಡ್ನಿಯ ಮುಕ್ಕಾಲು ಪಾಲು ಶಕ್ತಿ ಹೋಗಿರುತ್ತದೆ. ನೀರು ಹೆಚ್ಚು ಕುಡಿಯುವುದು, ಉಚ್ಚೆ ತೆಳ್ಳಗಾಗುವುದು ಅದಕ್ಕೂ ಮುಂಚೆ ಕಾಣುತ್ತದೆ. ಆದ್ದರಿಂದ ಉಚ್ಚೆ ಪರೀಕ್ಷೆ ಬೇಡ, ರಕ್ತ ಮಾತ್ರ ಸಾಕು ಎನ್ನಬೇಡಿ.

ಕೆಮ್ಮು, ನಡುಕ, ಬೀಳುವುದು ಇಂಥವನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ ತನ್ನಿ. ಆಸ್ಪತ್ರೆಗೆ ಬಂದ ಕೂಡಲೇ ಹೆದರಿಕೆಗೆ ನಾಯಿ ಎಲ್ಲ ಸರಿ ಇರುವಂತೆ ನಿಂತುಬಿಡುತ್ತದೆ.

ತೆಂಗಿನ ಸಾಲು, ಅರಸೀಕೆರೆ

ಮೇಡಂ, ನನ್ನದೂ ಒಂದು ಪ್ರಶ್ನೆ. ನಮ್ಮ ಪಮೇರಿಯನ್ ಗಂಡು ನಾಯಿಗೆ 12 ವರ್ಷ. ರಾತ್ರಿ ಮಲಗಿದಾಗ ಕೆಮ್ಮುತ್ತೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಮಾಡಿ ಕೊನೆಗೆ ನೊರೆ ಉಗುಳುತ್ತೆ. ಹಗಲು ಪರವಾಗಿಲ್ಲ. ಮೂಳೆ ಸಿಕ್ಕಿರಬಹುದು ಅಂತ ನಮ್ಮಪ್ಪ. ಮೇಷ್ಟ್ರು ಹೇಳಿದ ಹಾಗೆ ಎಣಿಸಿದೆ, ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ 38 ಬಂತು.

ಹಾಸನ ಪಶುವೈದ್ಯೆ

ಸಣ್ಣ ಜಾತಿಯ ಮುದಿ ನಾಯಿಗಳಲ್ಲಿ ಹೃದಯದ ಎಡಭಾಗದ ಕವಾಟ ಸವೆದು ಸೋರುವುದು ಬಹಳ ಸಾಮಾನ್ಯ. ಹೃದಯ ದೊಡ್ಡದಾಗಿ ಶ್ವಾಸನಾಳವನ್ನು ಒತ್ತಿದರೆ ಕೆಮ್ಮು ಬರುತ್ತದೆ. ಆಮೇಲೆ ಶ್ವಾಸಕೋಶದಲ್ಲಿ ನೀರು ನಿಂತರೆ ಉಸಿರಾಟದ ಲೆಕ್ಕ ಏರುತ್ತದೆ. ಶ್ವಾಸನಾಳ ಕುಗ್ಗುವ ತೊಂದರೆಯೂ ಪಮೇರಿಯನ್‌ಗಳಲ್ಲಿ ಇದೆ, ಎದೆಯ ಎಕ್ಸ್‌ರೇ ತೆಗೆದು ನೋಡಬೇಕು. 38 ನನಗೆ ಇಷ್ಟವಾಗಲಿಲ್ಲ. ಇನ್ನೊಮ್ಮೆ ಗಾಢ ನಿದ್ದೆಯಲ್ಲಿ ಎಣಿಸಿ, ಮತ್ತೆ 30 ದಾಟಿದರೆ ನಾಳೆಯೇ ತೋರಿಸಿ. ಮಲಗಲಾರದೆ ಕೂತೇ ಇದ್ದರೆ, ಮೊಣಕೈ ಅಗಲಿಸಿ ಕತ್ತು ಚಾಚಿ ಉಸಿರೆಳೆದರೆ, ನಾಲಿಗೆ ನೀಲಿಯಾದರೆ ರಾತ್ರಿಯಾದರೂ ಹೊರಡಿ. ಕೆಮ್ಮಿನ ಸಿರಪ್ ಹಾಕಬೇಡಿ. ಕೊರಳಿಗೆ ಬೆಲ್ಟ್ ಬೇಡ, ಎದೆಗೆ ಹಾಕುವ ಪಟ್ಟಿ ಹಾಕಿ.

ಬೇಲೂರು ಪೇಟೆ

ನಮ್ಮದು ನಿನ್ನೆಯಿಂದ ಬೇರೆ ಥರ. 13 ವರ್ಷದ ಊರ ನಾಯಿ. ಬೆಳಿಗ್ಗೆ ಏಳೋಕೆ ಹೋಗಿ ಬಿದ್ದ. ತಲೆ ಒಂದು ಕಡೆ ವಾಲಿದೆ, ಕಣ್ಣುಗುಡ್ಡೆ ಅತ್ತಿತ್ತ ಹಾರ್ತಿದೆ, ಸುತ್ತು ಹೊಡೀತಾನೆ. ಲಕ್ವ ಹೊಡೆದಿದೆ, ಇಂಜೆಕ್ಷನ್ ಕೊಡಿಸಿ ಕಳಿಸಿಬಿಡಿ ಅಂತ ಅಕ್ಕಪಕ್ಕದವರು ಹೇಳ್ತಿದ್ದಾರೆ. ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿಲ್ಲ.

ಹಾಸನ ಪಶುವೈದ್ಯೆ

ಆ ನಿರ್ಧಾರಕ್ಕೆ ಈಗ ಹೋಗಬೇಡಿ! ನೀವು ಬರೆದದ್ದು ವಯಸ್ಸಾದ ನಾಯಿಗಳಲ್ಲಿ ದಿಢೀರನೆ ಬರುವ ಸಮತೋಲನದ ತೊಂದರೆಯಂತೆ ಕಾಣುತ್ತದೆ, ಒಳಗಿವಿಯ ಭಾಗದ್ದು. ನೋಡಲು ಭಯಂಕರ. ಆದರೆ ಕಣ್ಣು ಹಾರುವುದು, ವಾಂತಿ ಬಹಳ ಸಲ ಎರಡು ಮೂರು ದಿನದಲ್ಲಿ ಕಡಿಮೆಯಾಗಿ, ಎರಡು ಮೂರು ವಾರದಲ್ಲಿ ನಾಯಿ ನಡೆದಾಡುತ್ತದೆ. ತಲೆ ಸ್ವಲ್ಪ ವಾಲಿಯೇ ಉಳಿಯಬಹುದು. ಕಿವಿಯ ಸೋಂಕೇ, ಮೆದುಳಿನದ್ದೇ ಎಂದು ಡಾಕ್ಟರು ಪರೀಕ್ಷಿಸಲೇಬೇಕು, ಹಾಗಾಗಿ ಇವತ್ತೇ ತೋರಿಸಿ. ಪ್ರಜ್ಞೆ ಮಂಕಾಗುತ್ತಾ ಹೋದರೆ, ಪಿಟ್ಸ್ ಬಂದರೆ, ಒಂದು ಕಡೆಯ ಕಾಲುಗಳಲ್ಲಿ ಬಲವೇ ಇಲ್ಲವಾದರೆ ವಿಷಯ ಬೇರೆ. ಅಲ್ಲಿಯ ತನಕ ಜಾರದ ಕಡೆ, ಗೋಣಿ ಹಾಸಿ ಮಲಗಿಸಿ, ಮೆಟ್ಟಿಲ ಹತ್ತಿರ ಬಿಡಬೇಡಿ, ನೀರನ್ನು ಬಾಯಿಯ ಹತ್ತಿರ ಹಿಡಿದು ಕುಡಿಸಿ.

ಬೇಲೂರು ಪೇಟೆ

ಮೇಡಂ, ಇದನ್ನ ಓದಿ ನಮ್ಮಮ್ಮ ಅತ್ತುಬಿಟ್ರು. ಈಗಲೇ ಆಟೋ ತರಿಸ್ತೀನಿ.

ಹೇಮಾವತಿ ದಂಡೆ, ಸಕಲೇಶಪುರ

ಮಾತ್ರೆ ವಿಷಯ ಹೇಳಿದ್ದಕ್ಕೆ ಥ್ಯಾಂಕ್ಸ್ ಮೇಡಂ, ಮನೇಲಿ ಎಲ್ಲರಿಗೂ ಹೇಳಿದ್ದೀನಿ. ಆದ್ರೆ ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. 11 ವರ್ಷದ ನಾಯಿಗೆ ಹೊಟ್ಟೆ ಕೊಯ್ಸೋದು ಅದಕ್ಕೆ ಹಿಂಸೆ ಅಲ್ವಾ? ಅದರ ಆಯಸ್ಸು ಎಷ್ಟು ಉಳಿದಿರುತ್ತೆ? ಖರ್ಚಿನ ಪ್ರಶ್ನೆಯೂ ಇದೆ, ಎಲ್ಲರಿಗೂ ತೋಟ ಇರಲ್ಲ.

ಹಾಸನ ಪಶುವೈದ್ಯೆ

ತಪ್ಪು ತಿಳಿಯುವುದೇನೂ ಇಲ್ಲ, ಕೇಳಬೇಕಾದ ಪ್ರಶ್ನೆಯೇ. ನಾನು ವಯಸ್ಸಿನ ಲೆಕ್ಕ ಹಾಕುವುದಕ್ಕಿಂತ ಕಾಯಿಲೆ ಯಾವುದು ಎಂದು ನೋಡುತ್ತೇನೆ. ಪಯೋಮೆಟ್ರಾದಲ್ಲಿ ತೊಂದರೆಯ ಮೂಲವನ್ನೇ ತೆಗೆದುಹಾಕಬಹುದು. ಹೃದಯ, ಕಿಡ್ನಿ ತಡೆದುಕೊಳ್ಳುವಂತಿದ್ದರೆ ಬಹಳ ನಾಯಿಗಳು ಚೇತರಿಸಿಕೊಂಡು ಆಮೇಲೆ ಚೆನ್ನಾಗಿ ಬದುಕುತ್ತವೆ. ಹಾಗೇ ಬಿಟ್ಟರೆ ಆಗುವ ಸಾವು ಸುಲಭದ್ದಲ್ಲ, ವಿಷವೇರಿ ದಿನಗಟ್ಟಲೆ ನರಳಬೇಕು. ಎಲ್ಲ ಕಡೆ ಹರಡಿದ ಕ್ಯಾನ್ಸರ್‌ಗೆ ನಾನು ಇದೇ ಮಾತು ಹೇಳುವುದಿಲ್ಲ. ಆಗ ನೋವು ಕಡಿಮೆ ಮಾಡಿ ಇರುವಷ್ಟು ದಿನ ನೆಮ್ಮದಿಯಾಗಿಡುವುದೇ ಸರಿ, ಕೆಲವೊಮ್ಮೆ ಶಾಂತವಾಗಿ ಕಳಿಸಿಕೊಡುವುದೂ ಸರಿ. ಆದರೆ ಏನು ಕಾಯಿಲೆ ಎಂದು ಗೊತ್ತಾಗುವ ಮೊದಲೇ ಆ ತೀರ್ಮಾನ ಬೇಡ.

ಖರ್ಚಿನ ವಿಷಯವನ್ನು ಸಂಕೋಚವಿಲ್ಲದೆ ಮೊದಲೇ ಡಾಕ್ಟರ ಹತ್ತಿರ ಮಾತಾಡಿ. ಯಾವ ಪರೀಕ್ಷೆ ಇವತ್ತೇ ಬೇಕು, ಯಾವುದನ್ನು ಬಿಡಬಹುದು ಎಂದು ಹೇಳುತ್ತಾರೆ.

ಕಣದಮನೆ, ಮೂಡಿಗೆರೆ

ಹಾಸನದಿಂದ ಬರೀತಿದ್ದೀನಿ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ತುಂಬಾ ಕೀವು ಅಂತ ಬಂತು, ಮೇಡಂ ಹೇಳಿದ್ದೇ ಆಯ್ತು. ಬಿಳಿ ರಕ್ತಕಣ ತುಂಬಾ ಏರಿದೆಯಂತೆ, ಕಿಡ್ನಿ ಲೆಕ್ಕವೂ ಸ್ವಲ್ಪ ಜಾಸ್ತಿ. ಮೊದಲು ಡ್ರಿಪ್ಸ್ ಹಾಕಿ, ಆಂಟಿಬಯಾಟಿಕ್ ಕೊಟ್ಟು, ಮಧ್ಯಾಹ್ನದ ಮೇಲೆ ಆಪರೇಷನ್ ಮಾಡಿದ್ರು. ಮುಗೀತು. ಈಗ ಅರಿವಳಿಕೆಯಿಂದ ಏಳ್ತಾ ಇದ್ದಾಳೆ, ಮಗಳ ಧ್ವನಿ ಕೇಳಿ ಬಾಲ ಒಂಚೂರು ಆಡಿಸಿದ್ಲು. ಇನ್ನೂ ಗಂಡಾಂತರ ಪೂರ್ತಿ ಕಳೆದಿಲ್ಲ, ನಾಳೆ ಮತ್ತೆ ರಕ್ತ ನೋಡಬೇಕು ಅಂದಿದ್ದಾರೆ. ಕೊಯ್ಲಿನ ಮಧ್ಯೆ ಗಾಡಿ ಬಿಟ್ಟು ಬಂದ ನಮ್ಮನೆಯವರು ಆಪರೇಷನ್ ಮುಗಿಯೋ ತನಕ ಬಾಗಿಲ ಹತ್ರಾನೇ ನಿಂತಿದ್ರು. ಎಲ್ಲರಿಗೂ ಕೈಮುಗೀತೀನಿ.

ಭದ್ರಾತೀರ, ಬಾಳೆಹೊನ್ನೂರು

ತುಂಬ ಸಂತೋಷವಾಯಿತು ತಂಗಿ. ಹೊಲಿಗೆ ನೆಕ್ಕದಂತೆ ಕೊರಳಿಗೆ ಹಾಕುವ ಕೋನ್ ಕೇಳಿ ತನ್ನಿ. ಒಲೆ ಪಕ್ಕದ ಬೂದಿಯಲ್ಲಿ ಮಲಗಲು ಬಿಡಬೇಡಿ, ಗಾಯಕ್ಕೆ ಬೂದಿ ಹತ್ತಿದರೆ ಕಷ್ಟ.

ಕಳಸದ ಹುಡುಗ

ಉಣ್ಣೆ ಜ್ವರ ಬಗ್ಗೆ ಒಂದು ಡೌಟು ಮೇಡಂ. ನಮ್ಮ ಟೈಗರ್‌ಗೆ 9 ವರ್ಷ, ಮೂಗಲ್ಲಿ ಆಗಾಗ ರಕ್ತ ಬರ್ತಿದೆ. ಮಳೆಗಾಲದಲ್ಲಿ ಹೀಗೇ ಬಂದಾಗ ಇಂಬಳ (ಜಿಗಣೆ) ಹೊಕ್ಕಿತ್ತು. ಈಗ ಹಳ್ಳದಲ್ಲೇ ನೀರು ಕುಡಿಯೋದು, ಹಾಗಾಗಿ ಇದೂ ಇಂಬಳ ಇರಬೇಕು ಅಂತ ಬಿಟ್ಟಿದ್ದೀವಿ. ಹೊಗೆಸೊಪ್ಪಿನ ನೀರು ಬಿಡಬಹುದಾ?

ಹಾಸನ ಪಶುವೈದ್ಯೆ

ಹೊಗೆಸೊಪ್ಪು, ಸುಣ್ಣ, ಉಪ್ಪುನೀರು ಯಾವುದನ್ನೂ ಮೂಗಿಗೆ ಬಿಡಬೇಡಿ. ಹೊಗೆಸೊಪ್ಪಿನ ನಿಕೋಟಿನ್ ನಾಯಿಗೆ ವಿಷ. ಇಂಬಳವಾದರೆ ಸಾಮಾನ್ಯವಾಗಿ ಒಂದೇ ಹೊಳ್ಳೆಯಲ್ಲಿ ರಕ್ತ, ಸೀನು, ತಲೆ ಒದರುವುದು ಇರುತ್ತದೆ. ಸ್ವಲ್ಪ ಹೊತ್ತು ನೀರು ಕೊಡದೆ ಆಮೇಲೆ ಬೋಗುಣಿ ಮುಂದಿಟ್ಟರೆ ಅದು ನೀರಿಗೆ ತಲೆ ಹೊರಹಾಕುವುದುಂಟು, ಆಗ ಚಿಮುಟದಲ್ಲಿ ಹಿಡಿಯುತ್ತೇವೆ.

ಆದರೆ 9 ವರ್ಷದ ನಾಯಿಯಲ್ಲಿ ಪದೇ ಪದೇ ರಕ್ತ ಬಂದರೆ ಇಂಬಳ ಎಂದು ಊಹಿಸಿ ಬಿಡುವಂತಿಲ್ಲ. ಉಣ್ಣೆಯಿಂದ ಬರುವ ಎರ್ಲಿಕಿಯಾ ಸೋಂಕು ಮೈಯಲ್ಲಿ ತಿಂಗಳು, ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು, ವಯಸ್ಸಾದಾಗ ಪ್ಲೇಟ್‌ಲೆಟ್ ಇಳಿಸಿ ಮೂಗಿನ ರಕ್ತವಾಗಿ ಕಾಣಿಸಿಕೊಳ್ಳಬಹುದು. ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ಒಸಡು ಬಿಳಚಿಕೊಂಡರೆ ಉಣ್ಣೆಯಿಂದಲೇ ಬರುವ ಇನ್ನೊಂದು ಸೋಂಕು, ಬ್ಯಾಬೀಸಿಯಾ ಇರಬಹುದು, ಅದರ ಔಷಧಿಯೇ ಬೇರೆ. ಹಳದಿ ಬಣ್ಣ, ವಾಂತಿ, ಜ್ವರ ಒಟ್ಟಿಗೆ ಬಂದರೆ ಇಲಿಜ್ವರವನ್ನೂ ಯೋಚಿಸಬೇಕು. ಅದು ಉಚ್ಚೆಯ ಮೂಲಕ ಮನುಷ್ಯರಿಗೂ ಹರಡುತ್ತದೆ, ಗ್ಲೌಸ್ ಇಲ್ಲದೆ ತೊಳೆಯಬೇಡಿ. ಮುದಿ ನಾಯಿಯ ಒಂದೇ ಹೊಳ್ಳೆಯಲ್ಲಿ ರಕ್ತ ನಿಲ್ಲದಿದ್ದರೆ, ಮೂಗಿನ ಮೇಲೆ ಊತ ಕಂಡರೆ ಗಡ್ಡೆಯ ಸಾಧ್ಯತೆಯೂ ಇದೆ. ಒಂದು ರಕ್ತ ಪರೀಕ್ಷೆ ಮಾಡಿಸಿದರೆ ಅರ್ಧ ಉತ್ತರ ಸಿಗುತ್ತದೆ, ಈ ವಾರದಲ್ಲೇ ಮಾಡಿಸಿ.

ಆಲ್ದೂರಿನವ

ಮೇಡಂ, ಕಾಯಲೇಬಾರದು ಅನ್ನೋ ಬೇರೆ ಯಾವುದಾದ್ರೂ ಬಿಟ್ಟುಹೋಗಿದ್ರೆ ಹೇಳಿ. ನಾನು ನಮ್ಮೂರ ಗುಂಪಿಗೆ ಕಳಿಸ್ತೀನಿ.

ಹಾಸನ ಪಶುವೈದ್ಯೆ

ಮೂರು ಹೇಳುತ್ತೇನೆ, ಮೂರರಲ್ಲೂ ಜನ ಮೋಸ ಹೋಗುವುದನ್ನು ನೋಡಿದ್ದೇನೆ.

ಒಂದು, ದೊಡ್ಡ ಎದೆಯ ನಾಯಿ, ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ಥರದ್ದು, ಹೊಟ್ಟೆ ಊದಿಕೊಂಡು ವಾಂತಿಗೆ ಮತ್ತೆ ಮತ್ತೆ ಪ್ರಯತ್ನಪಟ್ಟು ಏನೂ ಬರದಿದ್ದರೆ ಹೊಟ್ಟೆ ತಿರುಚಿಕೊಂಡಿರಬಹುದು. ಗ್ಯಾಸ್ ಎಂದು ಸೋಡ, ಓಂಕಾಳು ಕೊಡುತ್ತ ಕೂತರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ.

ಎರಡು, ಚೆನ್ನಾಗಿದ್ದ ಮುದಿ ನಾಯಿ ದಿಢೀರ್ ಕುಸಿದು, ಒಸಡು ಬಿಳಿಯಾಗಿ, ಮರುದಿನ ತಾನಾಗೇ ಎದ್ದು ಓಡಾಡುತ್ತದೆ. ಮನೆಯವರು ಸರಿಹೋಯಿತು ಎಂದುಕೊಳ್ಳುತ್ತಾರೆ. ಗುಲ್ಮದ (ಹೊಟ್ಟೆಯೊಳಗಿನ ಸ್ಪ್ಲೀನ್ ಎಂಬ ಅಂಗ) ಮೇಲಿನ ಗಡ್ಡೆ ಒಡೆದು ಹೊಟ್ಟೆಯೊಳಗೆ ರಕ್ತ ಸೋರಿ ನಿಂತಾಗ ಹೀಗಾಗುತ್ತದೆ. ಮುಂದಿನ ಸಲ ನಿಲ್ಲದೆ ಹೋಗಬಹುದು. ಎದ್ದಿದ್ದರೂ ಸ್ಕ್ಯಾನಿಂಗ್ ಮಾಡಿಸಲೇಬೇಕು.

ಮೂರು, ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿದ್ದರೆ, ನುಂಗಲಾಗದಿದ್ದರೆ, ಬೊಗಳುವ ಧ್ವನಿ ಬದಲಾಗಿದ್ದರೆ ಮೂಳೆ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಬೇಡಿ. ತೋಟದಲ್ಲಿ ಬಿಟ್ಟ ನಾಯಿ, ಲಸಿಕೆ ತಪ್ಪಿದ ನಾಯಿ ಆದರೆ ರೇಬಿಸ್ ಇರಬಹುದು. ಮಕ್ಕಳನ್ನು ದೂರವಿಟ್ಟು ಡಾಕ್ಟರಿಗೆ ಫೋನ್ ಮಾಡಿ. ಕೈಮೇಲೆ ಗೀರು, ಗಾಯ ಇದ್ದು ಜೊಲ್ಲು ತಾಗಿದರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ನಾಯಿಗೆ ಎಷ್ಟು ವಯಸ್ಸಾದರೂ ರೇಬಿಸ್ ಲಸಿಕೆ ತಪ್ಪಿಸಬೇಡಿ.

ಉಚ್ಚೆಗೆ ಕೂತು ಕೂತು ಹನಿಯೂ ಬರದಿರುವುದು, ಟಾರಿನಂತೆ ಕಪ್ಪು ಅಂಟು ಮಲ, ನಿಲ್ಲದ ಪಿಟ್ಸ್ ಇವೂ ಅದೇ ದಿನದವು.

ತೆಂಗಿನ ಸಾಲು, ಅರಸೀಕೆರೆ

ಮೇಡಂ, ಇನ್ನೊಂದು ಸಲ ಎಣಿಸಿದಾಗಲೂ 36 ಬಂತು, ಇವತ್ತು ತೋರಿಸಿದೆ. ಹೃದಯದ್ದೇ. ಎಕ್ಸ್‌ರೇಯಲ್ಲಿ ಹೃದಯ ದೊಡ್ಡದಾಗಿದೆ, ನೀರು ಸ್ವಲ್ಪ ನಿಂತಿದೆ ಅಂದ್ರು. ನೀರು ಇಳಿಸೋ ಮಾತ್ರೆ ಮತ್ತೆ ಹೃದಯದ ಮಾತ್ರೆ ಕೊಟ್ಟಿದ್ದಾರೆ. ಜೀವನ ಪೂರ್ತಿ ಕೊಡಬೇಕಂತೆ. ದಿನಾ ರಾತ್ರಿ ಉಸಿರು ಎಣಿಸಿ ಬರೆದಿಡೋಕೆ ಹೇಳಿದ್ರು. ಅಪ್ಪನೇ ಎಣಿಸ್ತೀನಿ ಅಂತ ಹೊಣೆ ತಗೊಂಡಿದ್ದಾರೆ.

ಹೊಸ ಸದಸ್ಯೆ, ಚನ್ನರಾಯಪಟ್ಟಣ

ಇಡೀ ಚರ್ಚೆ ಓದಿದೆ. ನಮ್ಮ ಹೆಣ್ಣು ನಾಯಿಗೆ 9 ವರ್ಷ, ಆಪರೇಷನ್ ಆಗಿದೆ. ಅವಳೂ ನೀರು ತುಂಬಾ ಕುಡೀತಾಳೆ, ಆದ್ರೆ ಊಟ ಬಿಟ್ಟಿಲ್ಲ, ಮೊದಲಿಗಿಂತ ಜಾಸ್ತಿ ತಿಂತಾಳೆ, ಮುದ್ದೆ ಹಾಕಿದಷ್ಟೂ ಬೇಕು. ಆದ್ರೂ ಸೊರಗ್ತಿದ್ದಾಳೆ. ಕಣ್ಣು ಬೆಳ್ಳಗಾಗ್ತಾ ಇದೆ. ಇದೂ ತುರ್ತಾ?

ಹಾಸನ ಪಶುವೈದ್ಯೆ

ಚೆನ್ನಾಗಿ ತಿಂದೂ ಸೊರಗುವುದು, ಬಾಯಾರಿಕೆ, ಕಣ್ಣಿನ ಪೊರೆ ಇಷ್ಟೂ ಸೇರಿದರೆ ಮೊದಲು ಸಕ್ಕರೆ ಕಾಯಿಲೆ ನೋಡಬೇಕು. ಉತ್ಸಾಹವಾಗಿದ್ದರೆ ಎರಡು ಮೂರು ದಿನದಲ್ಲಿ ತೋರಿಸಿ. ಊಟ ಬಿಟ್ಟು ವಾಂತಿ ಶುರುವಾದರೆ, ಮಂಕಾದರೆ ಅದೇ ಗಳಿಗೆ ಹೊರಡಿ. ಬರುವ ದಿನ ಬೆಳಿಗ್ಗೆ ಅವಳು ಮೊದಲು ಉಚ್ಚೆಗೆ ಕೂರುವಾಗ ಸೌಟು ಅಥವಾ ಅಗಲ ತಟ್ಟೆ ಹಿಡಿದು, ತೊಳೆದು ಒಣಗಿಸಿದ ಸೀಸೆಗೆ ಹಾಕಿ ತನ್ನಿ. ಎರಡು ಗಂಟೆಯೊಳಗೆ ತಲುಪಿಸಿದರೆ ಒಳ್ಳೆಯದು. ಜಾಮ್ ಸೀಸೆ ಬೇಡ, ಅದರಲ್ಲಿ ಉಳಿದ ಸಕ್ಕರೆಯೇ ಪರೀಕ್ಷೆಯಲ್ಲಿ ಬಂದುಬಿಡುತ್ತದೆ.

ಹೊಸ ಸದಸ್ಯೆ, ಚನ್ನರಾಯಪಟ್ಟಣ

ಸರಿ ಮೇಡಂ. ನಾಳೆ ಬೆಳಿಗ್ಗೆಯೇ ಹಿಡಿದು ತರ್ತೀನಿ. ಮೆಡಿಕಲ್ ಶಾಪಿಂದ ಪರೀಕ್ಷೆಗೆ ಕೊಡೋ ಡಬ್ಬಿ ಈಗಲೇ ತರಿಸ್ತೀನಿ.